ರಾಕ್ ಸಂಗೀತ ನಾಟಕದ ಆಡಿಷನ್: ಯಾವ ಹಾಡು ಹಾಡಬೇಕು?

ಕಾಸರಗೋಡು: ಗಡಿನಾಡಿನಲ್ಲಿ ಕಂಠಕ್ಕೆ ಬರವಿಲ್ಲ. ಕಲೋತ್ಸವದ ಲಲಿತಗಾನಂ, ಕನ್ನಡ ಪದ್ಯ ಕಂಠಪಾಠ, ಸಮೂಹಗಾನ, ಯಕ್ಷಗಾನ ಎಂದು ಮಕ್ಕಳು ಒಂದನೇ ತರಗತಿಯಿಂದಲೇ ವೇದಿಕೆ ಹತ್ತುತ್ತಾರೆ. ಎ ಗ್ರೇಡ್ ಪಡೆದ ಸರ್ಟಿಫಿಕೇಟು ಅನೇಕ ಮನೆಗಳ ಕಪಾಟಿನಲ್ಲಿವೆ. ಆದರೆ ಇದೇ ಮಕ್ಕಳು ಬೆಳೆದು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಸಂಗೀತ ನಾಟಕವೊಂದರ ಆಯ್ಕೆಗೆ ಹೋಗಿ ನಿಂತಾಗ, "ಒಂದು ಹಾಡು ಹಾಡಿ" ಎಂಬ ಸರಳ ಮಾತಿಗೆ ತಡವರಿಸುವುದುಂಟು. ಹಾಡು ಬಾರದೆ ಅಲ್ಲ, ಬರುವ ನೂರು ಹಾಡುಗಳಲ್ಲಿ ಯಾವುದನ್ನು ಹಾಡಬೇಕೆಂದು ತಿಳಿಯದೆ.

ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ, ಕಾಲೇಜಿಗೆ ರಜೆ, ಮನೆಯವರನ್ನು ಒಪ್ಪಿಸುವ ತಾಪತ್ರಯ. ಇಷ್ಟೆಲ್ಲ ಆದ ಮೇಲೆ ಕೈಗೆ ಸಿಗುವುದು ಒಂದು ಅಥವಾ ಒಂದೂವರೆ ನಿಮಿಷ. ಆ ನಿಮಿಷಕ್ಕೆ ಹಾಡು ಆರಿಸುವುದು ಹೇಗೆ? ಅದರಲ್ಲೂ ರಾಕ್ ಸಂಗೀತ ನಾಟಕ ಎಂಬ, ನಮ್ಮ ಊರಿಗೆ ಅಷ್ಟಾಗಿ ಪರಿಚಯವಿಲ್ಲದ ಪ್ರಕಾರಕ್ಕೆ?

ಏನಿದು ರಾಕ್ ಸಂಗೀತ ನಾಟಕ?

ಡ್ರಮ್, ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಇವುಗಳ ಅಬ್ಬರದ ಲಯದಲ್ಲಿ ಕಥೆಯನ್ನು ಹಾಡುಗಳ ಮೂಲಕವೇ ನಡೆಸಿಕೊಂಡು ಹೋಗುವ ನಾಟಕವಿದು. ಅಮೆರಿಕದ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳಿಗೆ 1968ರಲ್ಲಿ ಬಂದ ‘ಹೇರ್’ ಈ ಪ್ರಕಾರಕ್ಕೆ ದಾರಿ ಮಾಡಿಕೊಟ್ಟಿತು. ಆಂಡ್ರೂ ಲಾಯ್ಡ್ ವೆಬರ್ ಮತ್ತು ಟಿಮ್ ರೈಸ್ ಜೋಡಿಯ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ 1970ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಹೊರಬಂದು, 1971ರಲ್ಲಿ ರಂಗಕ್ಕೇರಿತು. ಜೊನಾಥನ್ ಲಾರ್ಸನ್ ಅವರ ‘ರೆಂಟ್’ (1996) ಇನ್ನೊಂದು ಪ್ರಸಿದ್ಧ ಕೃತಿ.

ಭಾರತಕ್ಕೂ ಇದು ಹೊಸತೇನಲ್ಲ. 1974ರಲ್ಲಿಯೇ ಅಲೀಕ್ ಪದಮ್ಸೀ ಅವರು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ನಾಟಕವನ್ನು ಮುಂಬೈಯಲ್ಲಿ ರಂಗಕ್ಕೆ ತಂದಿದ್ದರು. ಅದರಲ್ಲಿ ಜೂಡಾಸನ ಪಾತ್ರ ವಹಿಸಿದ ನಂದು ಭೇಂಡೆ ಮರಾಠಿ ರಂಗಭೂಮಿಯ ಮನೆತನದಿಂದ ಬಂದವರು. ಮನೆಯಲ್ಲಿ ಒಂದು ಭಾಷೆಯ ನಾಟಕ, ಕಂಠದಲ್ಲಿ ಇನ್ನೊಂದು ಭಾಷೆಯ ರಾಕ್. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಕಾಸರಗೋಡಿನವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ರಾಕ್ ಎಂದರೆ ಇಂಗ್ಲಿಷೇ ಆಗಬೇಕೆಂಬ ಕಾಲವೂ ಮುಗಿದಿದೆ. ಮೈಸೂರಿನ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಂದಿಗೆ ಹಾಡಿದರು. ಅದೇ ವರ್ಷ ಕೇರಳದ ‘ಅವಿಯಲ್’ ತಂಡ ಮಲಯಾಳ ರಾಕ್ ಹಾಡುಗಳ ಆಲ್ಬಮ್ ಹೊರತಂದಿತು. ಈ ಎರಡನ್ನೂ ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಜನ ನಮ್ಮಲ್ಲಿದ್ದಾರೆ.

ಹಾಡುವವನೂ ಆಡುವವನೂ ಒಬ್ಬನೇ

ಇಲ್ಲಿ ಯಕ್ಷಗಾನದ ನಾಡಿನವರು ಗಮನಿಸಬೇಕಾದ ಒಂದು ಮುಖ್ಯ ವ್ಯತ್ಯಾಸವಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಆಟದಲ್ಲಿ ಪದ ಹೇಳುವವರು ಭಾಗವತರು. ವೇಷಧಾರಿ ಆ ಪದಕ್ಕೆ ಕುಣಿದು, ಬಳಿಕ ಅರ್ಥ ಹೇಳುತ್ತಾನೆ. ಕಥಕಳಿಯಲ್ಲೂ ಹಾಡುವವರು ಬೇರೆ, ಆಡುವವರು ಬೇರೆ. ಹೀಗಾಗಿ ಹಾಡನ್ನು ಹಾಡಾಗಿ, ಮಾತನ್ನು ಮಾತಾಗಿ ಬೇರೆ ಬೇರೆ ಕೇಳಿ ನಮಗೆ ಅಭ್ಯಾಸ.

ಕನ್ನಡದ ಕಂಪೆನಿ ನಾಟಕದಲ್ಲಿ ಹಾಗಿರಲಿಲ್ಲ. ಗುಬ್ಬಿ ಕಂಪೆನಿಯ ನಟನೆಂದರೆ ಹಾಡಲೂ ಬರಬೇಕು, ಮೈಕ್ ಇಲ್ಲದೆ ಕೊನೆಯ ಸಾಲಿಗೆ ಕೇಳಿಸಲೂ ಬೇಕು. ಆ ಕಂಪೆನಿಯಲ್ಲಿ ಪಳಗಿದ ಡಾ. ರಾಜ್‌ಕುಮಾರ್ ಅವರಿಗೆ ಸಿನೆಮಾದಲ್ಲಿ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಪಾತ್ರಗಳಿಗೆ ರಾಜ್ ತಾವೇ ಹಾಡುವುದು ರೂಢಿಯಾಯಿತು. ಮಾತನಾಡುವ ಸ್ವರವೇ ಹಾಡಿದಾಗ ಪಾತ್ರಕ್ಕೆ ಬರುವ ಗಟ್ಟಿತನ ಏನೆಂದು ಆಗ ಜನರಿಗೆ ತಿಳಿಯಿತು. ಇತ್ತ ಕೆಪಿಎಸಿ ನಾಟಕಗಳಲ್ಲಿ ಕೆ.ಎಸ್. ಜಾರ್ಜ್, ಸುಲೋಚನ ವೇದಿಕೆಯಲ್ಲಿ ನಟಿಸುತ್ತಲೇ ಹಾಡಿ ಮಲಯಾಳಿಗಳ ಮನೆಮಾತಾದರು.

ರಾಕ್ ಸಂಗೀತ ನಾಟಕದಲ್ಲಿಯೂ ಬೇಕಾದುದು ಇದೇ. ಮಾತು ಇನ್ನು ಸಾಲದು ಎಂದಾದಾಗ ಪಾತ್ರ ಹಾಡತೊಡಗುತ್ತದೆ. ಆದುದರಿಂದ ಆಯ್ಕೆ ಸಮಿತಿಯವರು ಕೇಳುವುದು "ಎಷ್ಟು ಚೆನ್ನಾಗಿ ಹಾಡುತ್ತಾಳೆ" ಎಂಬುದನ್ನು ಮಾತ್ರವಲ್ಲ. ಈ ಹಾಡಿನಲ್ಲಿ ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆ ಎಂಬುದನ್ನೂ ಕೇಳುತ್ತಾರೆ. ಹಾಡಿನ ಆಯ್ಕೆಗೆ ಮೂಲ ಸೂತ್ರ ಇದೇ.

ಕಲೋತ್ಸವ ಬೇರೆ, ಆಡಿಷನ್ ಬೇರೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೆರ್ಲ ಕಡೆಯ ಒಬ್ಬ ಪದವಿ ವಿದ್ಯಾರ್ಥಿನಿ. ಶಾಲೆಯಲ್ಲಿದ್ದಾಗ ಲಲಿತಗಾನಂನಲ್ಲಿ ಎ ಗ್ರೇಡ್. ಬೆಂಗಳೂರಿನ ಒಂದು ತಂಡ ಕನ್ನಡದಲ್ಲಿ ರಾಕ್ ಸಂಗೀತ ನಾಟಕ ಮಾಡುವುದೆಂದು ಪ್ರಕಟಣೆ ಕೊಟ್ಟಿದೆ. ಆಕೆಯ ಎದುರು ನಾಲ್ಕು ಹಾಡುಗಳಿವೆ. ಒಂದು, ಎ ಗ್ರೇಡ್ ತಂದುಕೊಟ್ಟ ಲಲಿತಗಾನ. ಎರಡು, ಎಲ್ಲರಿಗೂ ಗೊತ್ತಿರುವ ಒಂದು ಜನಪ್ರಿಯ ಸಿನೆಮಾ ಹಾಡು. ಮೂರು, ಮಳೆಯ ಸೊಬಗನ್ನು ವರ್ಣಿಸುವ ಭಾವಗೀತೆ. ನಾಲ್ಕು, ಅಜ್ಜಿ ಹೇಳುತ್ತಿದ್ದ, ಗಂಡನ ಮನೆಯ ಕಷ್ಟವನ್ನು ತವರಿನ ಅಣ್ಣನಿಗೆ ದೂರುವ ಒಂದು ಜನಪದ ಹಾಡು.

ಸಾಮಾನ್ಯವಾಗಿ ಯಾರೂ ಮೊದಲನೆಯದನ್ನೇ ಆರಿಸುತ್ತಾರೆ. ಕಾರಣ ಸ್ಪಷ್ಟ. ಅದಕ್ಕೆ ಬಹುಮಾನ ಬಂದಿದೆ, ಅಭ್ಯಾಸವಾಗಿದೆ. ಆದರೆ ಕಲೋತ್ಸವದ ತೀರ್ಪುಗಾರರು ಶ್ರುತಿ, ತಾಳ, ಉಚ್ಚಾರ ತಪ್ಪಿದೆಯೇ ಎಂದು ನೋಡಿ ಅಂಕ ಹಾಕುತ್ತಾರೆ. ಅಲ್ಲಿ ತಪ್ಪಿಲ್ಲದಿರುವುದೇ ಗೆಲುವು. ನಾಟಕದವರಿಗೆ ಅಂಕ ಹಾಕುವ ಕೆಲಸವಿಲ್ಲ. ಮುಂದಿನ ಕೆಲವು ತಿಂಗಳು ತಮ್ಮ ಜೊತೆ ದುಡಿಯಬಲ್ಲ, ಒಂದು ಪಾತ್ರವನ್ನು ಹೊರಬಲ್ಲ ವ್ಯಕ್ತಿಯನ್ನು ಅವರು ಹುಡುಕುತ್ತಿರುತ್ತಾರೆ. ಕೈಕಟ್ಟಿ ನಿಂತು ಅಚ್ಚುಕಟ್ಟಾಗಿ ಒಪ್ಪಿಸಿದ ಹಾಡು ಅವರಿಗೆ ಕಂಠದ ಬಗ್ಗೆ ಹೇಳುತ್ತದೆ, ವ್ಯಕ್ತಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಎರಡನೆಯ ಹಾಡಿಗೆ ಬೇರೆ ತೊಡಕಿದೆ. ಜನಪ್ರಿಯ ಹಾಡು ಹಾಡಿದ ಕೂಡಲೇ ಕೇಳುವವರ ಕಿವಿಯಲ್ಲಿ ಮೂಲ ಗಾಯಕಿಯ ಸ್ವರ ಮೊಳಗುತ್ತದೆ. ಹೋಲಿಕೆ ತಪ್ಪುವುದಿಲ್ಲ. ಅದಲ್ಲದೆ ಅನೇಕ ಸಿನೆಮಾ ಹಾಡುಗಳ ಅಂದ ಇರುವುದು ನಡುವಿನ ಪಿಟೀಲು, ಕೊಳಲುಗಳಲ್ಲಿ. ಅದನ್ನು ತೆಗೆದು ಬರೀ ಬಾಯಲ್ಲಿ ಹಾಡಿದರೆ ಹಾಡು ಬಡವಾಗುತ್ತದೆ. ಮೂರನೆಯದು ಒಳ್ಳೆಯ ಕವಿತೆಯೇ ಇರಬಹುದು. ಆದರೆ ಅದರಲ್ಲಿ ಯಾರಿಗೂ ಏನೂ ಬೇಕಾಗಿಲ್ಲ. ಮಳೆ ಬರುತ್ತದೆ, ಚೆನ್ನಾಗಿದೆ, ಮುಗಿಯಿತು.

ನಾಲ್ಕನೆಯದರಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಎದುರಿಗೆ ಅಣ್ಣನಿದ್ದಾನೆ. ಆಕೆಗೆ ಅವನಿಂದ ಒಂದು ಮಾತು ಬೇಕಾಗಿದೆ. ಹಾಡಿನ ಮೊದಲಲ್ಲಿ ಇದ್ದಂತೆ ಆಕೆ ಕೊನೆಯಲ್ಲಿ ಇಲ್ಲ. ಅಳುತ್ತಾ ಶುರುಮಾಡಿದವಳು ಸಿಟ್ಟಿನಲ್ಲಿ ನಿಲ್ಲಿಸುತ್ತಾಳೆ. ರಾಕ್ ಸಂಗೀತದ ಜೀವಾಳವೇ ಈ ಸಿಟ್ಟು, ಅಸಮಾಧಾನ, ಪ್ರಶ್ನೆ. ಹಾಗಾಗಿ ಗಿಟಾರಿನ ಗಂಧವೇ ಇಲ್ಲದ ಅಜ್ಜಿಯ ಹಾಡು ನಾಲ್ಕರಲ್ಲಿ ರಾಕ್ ನಾಟಕಕ್ಕೆ ಹೆಚ್ಚು ಹತ್ತಿರ.

ನಮ್ಮಲ್ಲೇ ಇದೆ ಭಂಡಾರ

ಇಂತಹ ಹಾಡುಗಳಿಗೆ ಗಡಿನಾಡಿನಲ್ಲಿ ಕೊರತೆಯಿಲ್ಲ. ದೇವರೊಂದಿಗೇ ಜಗಳಕ್ಕಿಳಿಯುವ ದಾಸರ ಪದಗಳಿವೆ. ಬಿ.ವಿ. ಕಾರಂತರು 1970ರ ದಶಕದಲ್ಲಿ ‘ಸತ್ತವರ ನೆರಳು’ ನಾಟಕಕ್ಕೆ ಪುರಂದರದಾಸರ ಪದಗಳನ್ನು ಬಳಸಿ, ಭಜನೆಯ ಹಾಡು ರಂಗದ ಮೇಲೆ ಎಷ್ಟು ಹರಿತವಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟರು. ಕಾರಂತರು ನಮ್ಮ ಗಡಿಗೆ ದೂರವಲ್ಲದ ಬಂಟ್ವಾಳ ತಾಲೂಕಿನ ಮಂಚಿಯವರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದ ಅವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು.

ಮಾಪ್ಪಿಳಪ್ಪಾಟಿನ ಪರಂಪರೆಯಿಂದಾಗಿ ‘ಇಶಲ್ ಗ್ರಾಮ’ ಎಂದೇ ಹೆಸರಾದ ಮೊಗ್ರಾಲ್ ನಮ್ಮ ಜಿಲ್ಲೆಯಲ್ಲೇ ಇದೆ. ಕಥೆ ಹೇಳುತ್ತಾ ಲಯ ಬಿಗಿಯಾಗುತ್ತಾ ಹೋಗುವ ಆ ಹಾಡುಗಳು ಡ್ರಮ್ಮಿನ ಜೊತೆಗೆ ಸಲೀಸಾಗಿ ಹೊಂದಬಲ್ಲವು. ನೇಜಿ ನೆಡುವಾಗ ಹೇಳುವ ತುಳು ಪಾಡ್ದನ, ಕಬಿತಗಳಿವೆ. ಆದರೆ ದೈವಾರಾಧನೆಗೆ ಸಂಬಂಧಿಸಿದ ಪಾಡ್ದನಗಳ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ಹೇಳುವ ಮನೆತನದವರನ್ನು ಕೇಳದೆ ಆಡಿಷನ್ನಿಗೆ ಒಯ್ಯುವುದು ಸರಿಯಲ್ಲ. ಗದ್ದೆಯ ಹಾಡಿಗೆ ಅಂತಹ ಕಟ್ಟುಪಾಡು ಕಡಿಮೆ.

ಆದರೂ ಒಂದು ಮಾತು. ತಂಡದ ಪ್ರಕಟಣೆಯಲ್ಲಿ "ರಾಕ್ ಅಥವಾ ಪಾಪ್ ಹಾಡೇ ಬೇಕು" ಎಂದಿದ್ದರೆ ಅದನ್ನೇ ಒಯ್ಯಬೇಕು. ಆಗ ಅಜ್ಜಿಯ ಹಾಡು ಎರಡನೆಯ ಹಾಡಾಗಿ ಕೈಯಲ್ಲಿರಲಿ. ಪ್ರಕಟಣೆಯನ್ನು ಪೂರ್ತಿ ಓದದೆ ಹೊರಡುವುದು ಈ ವಿಷಯದಲ್ಲಿ ಮಾಡುವ ಮೊದಲ ತಪ್ಪು. ಅನುಮಾನವಿದ್ದರೆ ಫೋನ್ ಮಾಡಿ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಅದೇ ನಾಟಕದ ಹಾಡನ್ನು ಹಾಡಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ಕೆಲವರು ಅದನ್ನೇ ಕೇಳುತ್ತಾರೆ, ಕೆಲವರು ಬೇಡವೆನ್ನುತ್ತಾರೆ.

ಶ್ರುತಿಯ ಲೆಕ್ಕ

ಹಾಡು ಒಳ್ಳೆಯದಾದರೆ ಸಾಲದು, ಅದು ಹಾಡುವವರ ಶ್ರುತಿಯಲ್ಲಿರಬೇಕು. ಕರೋಕೆ ಟ್ರ್ಯಾಕ್ ಹಾಕಿ ಅಭ್ಯಾಸ ಮಾಡುವವರು ಮೂಲ ಗಾಯಕರ ಶ್ರುತಿಗೇ ತಮ್ಮ ಕಂಠವನ್ನು ಎಳೆಯುತ್ತಾರೆ. ಯಕ್ಷಗಾನದ ಪದ ಕಲಿತವರು ಭಾಗವತರ ಏರು ಶ್ರುತಿಗೆ ಹೋಗುತ್ತಾರೆ. ಎರಡೂ ಅಪಾಯವೇ. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ ಸಲೀಸಾಗಿ ಏರಿದ ಸ್ವರ, ರಾತ್ರಿ ಬಸ್ಸಿಳಿದು ಬೆಳಿಗ್ಗೆ ಒಂಬತ್ತಕ್ಕೆ ಹಾಡುವಾಗ ಏರುವುದಿಲ್ಲ.

ಪರೀಕ್ಷಿಸಲು ಸರಳ ಉಪಾಯವಿದೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ, ಹೆಚ್ಚೇನೂ ಸಿದ್ಧತೆಯಿಲ್ಲದೆ, ಹಾಡನ್ನು ಒಂದರ ಹಿಂದೊಂದು ಮೂರು ಸಲ ಹಾಡಿ ನೋಡುವುದು. ಮೂರನೆಯ ಸಲವೂ ಗಂಟಲು ಬಿಗಿಯದಿದ್ದರೆ ಶ್ರುತಿ ಸರಿಯಿದೆ. ಬಿಗಿದರೆ ಹಾರ್ಮೋನಿಯಂನಲ್ಲಿ ಒಂದೆರಡು ಮನೆ ಕೆಳಗಿಳಿಸಬೇಕು. ಹಾಡಿನ ಅತಿ ಎತ್ತರದ ಸ್ವರ ಹಾಡುವವರ ಕಂಠದ ಅತಿ ಎತ್ತರದ ಸ್ವರವಾಗಿರಬಾರದು. ಅದಕ್ಕಿಂತ ಒಂದೆರಡು ಸ್ವರ ಮೇಲೆ ಹೋಗುವ ಶಕ್ತಿ ಉಳಿದಿರಬೇಕು. ಹೆದರಿಕೆ ಆ ಒಂದೆರಡು ಸ್ವರವನ್ನು ನುಂಗಿಬಿಡುತ್ತದೆ.

ಅರಚುವುದು ರಾಕ್ ಅಲ್ಲ

ರಾಕ್ ಎಂದರೆ ಗಂಟಲು ಹರಿಯುವಂತೆ ಕೂಗುವುದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಂಪೆನಿ ನಾಟಕದ ನಟ ಕೊನೆಯ ಸಾಲಿಗೆ ಕೇಳಿಸಲು ಸ್ವರವನ್ನು ಎಸೆಯಬೇಕಿತ್ತು. ರಾಕ್ ಗಾಯಕನ ಬಾಯಿಯ ಬಳಿಯೇ ಮೈಕ್ ಇರುತ್ತದೆ. ಸದ್ದು ಹೆಚ್ಚಿಸುವ ಕೆಲಸ ಅದರದ್ದು. ಹೀಗಾಗಿ ಪಿಸುಮಾತು ಕೂಡ ಇಲ್ಲಿ ಒಂದು ಅಸ್ತ್ರ. ಮೆಲ್ಲನೆ ಮಾತಿನಂತೆ ಶುರುವಾಗಿ, ಒಂದೇ ಒಂದು ಕಡೆ ಸ್ಫೋಟಿಸುವ ಹಾಡು ಮೊದಲಿನಿಂದ ಕೊನೆಯವರೆಗೆ ಅಬ್ಬರಿಸುವ ಹಾಡಿಗಿಂತ ಮೇಲು.

ಶಾಸ್ತ್ರೀಯ ಸಂಗೀತ ಕಲಿತವರು ಗಮಕಗಳನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ರಾಕ್‌ನಲ್ಲಿ ಸ್ವರ ಬಹುಮಟ್ಟಿಗೆ ನೇರವಾಗಿ ನಿಲ್ಲುತ್ತದೆ, ಅಕ್ಷರ ಲಯದ ಪೆಟ್ಟಿಗೆ ಖಚಿತವಾಗಿ ಬೀಳುತ್ತದೆ. ಆದರೆ ಅವರು ಕಲಿತ ಶ್ರುತಿಶುದ್ಧತೆ, ಉಸಿರಿನ ಹಿಡಿತ, ತಾಳಜ್ಞಾನ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಚೆಂಡೆಯ ಸದ್ದಿಗೆ ಬೆಳೆದವರಿಗೆ ಡ್ರಮ್ಮಿನ ಲಯ ಅಪರಿಚಿತವೆನಿಸದು. ಅಭ್ಯಾಸದ ಬಳಿಕ ಸ್ವರ ಒಡೆದು, ಅದು ವಾರಗಳಾದರೂ ಸರಿಹೋಗದಿದ್ದರೆ ಕಷಾಯದಲ್ಲೇ ಕಾಲ ಕಳೆಯದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು.

ಹದಿನಾರು ಬಾರ್ ಎಂದರೆಷ್ಟು?

ವಿದೇಶದ ಪದ್ಧತಿಯನ್ನು ಅನುಸರಿಸುವ ತಂಡಗಳು "16 ಬಾರ್ ಹಾಡಿ" ಅಥವಾ "32 ಬಾರ್ ಹಾಡಿ" ಎನ್ನುವುದುಂಟು. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಬಾರ್ ಎಂದರೆ ತಾಳದ ಒಂದು ಚಿಕ್ಕ ಸುತ್ತು, ಸಾಮಾನ್ಯವಾಗಿ ನಾಲ್ಕು ಪೆಟ್ಟು. 16 ಬಾರ್ ಎಂದರೆ 64 ಪೆಟ್ಟು, ಅಂದರೆ ಆದಿತಾಳದ 8 ಆವರ್ತ. ನಿಮಿಷಕ್ಕೆ 120 ಪೆಟ್ಟಿನ ವೇಗದ ಹಾಡಾದರೆ ಇದು ಬರೇ 32 ಸೆಕೆಂಡು. 80 ಪೆಟ್ಟಿನ ನಿಧಾನದ ಹಾಡಾದರೆ 48 ಸೆಕೆಂಡು.

ಅಷ್ಟರೊಳಗೆ ಪಲ್ಲವಿಯಿಂದ ಶುರುಮಾಡಲೇಬೇಕೆಂದಿಲ್ಲ. ಹಾಡಿನಲ್ಲಿ ಮನಸ್ಸು ಹೊರಳುವ ಜಾಗ ಯಾವುದೋ ಅಲ್ಲಿಂದ ಹಿಡಿಯಬೇಕು. ಅಣ್ಣನಿಗೆ ದೂರುವ ಹಾಡಿನಲ್ಲಿ ಕುಶಲ ವಿಚಾರಿಸುವ ಮೊದಲ ನುಡಿ ಬೇಡ. ಅಳು ಸಿಟ್ಟಾಗುವ ಕೊನೆಯ ಎರಡು ನುಡಿ ಸಾಕು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅರ್ಧ ನಿಮಿಷದ, ಒಂದು ನಿಮಿಷದ, ಪೂರ್ತಿ ಹಾಡಿನ ಮೂರು ರೂಪಗಳನ್ನು ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಿ ಕೀಬೋರ್ಡ್ ನುಡಿಸುವವರಿದ್ದರೆ ತನ್ನ ಶ್ರುತಿ ಯಾವುದೆಂದು ಹೇಳಿ, ಬೆರಳಲ್ಲಿ ತಟ್ಟಿ ವೇಗ ತೋರಿಸಬೇಕು. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ಶ್ರುತಿ ಕೇಳಿಕೊಂಡು ಶುರುಮಾಡಬಹುದು. ಯಾವ ಪಕ್ಕವಾದ್ಯವೂ ಇಲ್ಲದೆ ನಿಲ್ಲಬಲ್ಲ ಹಾಡೇ ಆಡಿಷನ್ನಿಗೆ ಭದ್ರ.

ಯಾವ ಭಾಷೆ?

ಗಡಿನಾಡಿನವರನ್ನು ಕಾಡುವ ಪ್ರಶ್ನೆ ಇದು. ಬೆಂಗಳೂರಿಗೆ ಹೋದರೆ "ನಿಮ್ಮದು ಮಂಗಳೂರು ಕನ್ನಡವಾ?" ಎನ್ನುತ್ತಾರೆ. ಕೊಚ್ಚಿಗೆ ಹೋದರೆ ಕಾಸರಗೋಡಿನ ಮಲಯಾಳಕ್ಕೆ ನಗುತ್ತಾರೆ. ಹೀಗಾಗಿ ಎಷ್ಟೋ ಮಂದಿ ತಮ್ಮ ಮಾತನ್ನು ಮರೆಮಾಚಲು ಸರಿಯಾಗಿ ಅರ್ಥವೇ ತಿಳಿಯದ ಇಂಗ್ಲಿಷ್ ಹಾಡಿಗೆ ಮೊರೆಹೋಗುತ್ತಾರೆ. ಅರ್ಥವಾಗದ ಹಾಡಿನಲ್ಲಿ ಸಿಟ್ಟು ಬರಿಸುವುದು ಸಾಧ್ಯವಿಲ್ಲ, ಕೇಳುವವರಿಗೆ ಅದು ಕೂಡಲೇ ತಿಳಿಯುತ್ತದೆ.

ನಾಟಕದ ಭಾಷೆ ಯಾವುದೋ ಆ ಭಾಷೆಯ ಒಂದು ಹಾಡು ಬೇಕೇ ಬೇಕು. ಎರಡನೆಯದು ಯಾವ ಭಾಷೆಯಲ್ಲಿ ಜಗಳವಾಡಲು ಬರುತ್ತದೋ ಆ ಭಾಷೆಯದಾಗಿರಲಿ. ತುಳುವಾಗಲಿ, ಹವ್ಯಕವಾಗಲಿ, ಮಲಯಾಳವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ. ಅರ್ಥವನ್ನು ಒಂದೇ ವಾಕ್ಯದಲ್ಲಿ ಮೊದಲು ಹೇಳಿ ಹಾಡಿದರೆ ಸಾಕು. ನಾಲ್ಕು ಭಾಷೆಯ ಉಚ್ಚಾರ ನಾಲಗೆಯಲ್ಲಿರುವುದು ನಟನಿಗೆ ಕೊರತೆಯಲ್ಲ, ಬಂಡವಾಳ. ಹೊಸ ಪಾತ್ರದ ಹೊಸ ಮಾತನ್ನು ಆ ನಾಲಗೆ ಬೇಗ ಹಿಡಿಯುತ್ತದೆ.

ಹಾಡು ನಿಲ್ಲಿಸಿದರೆ?

ಅರ್ಧದಲ್ಲೇ "ಸಾಕು" ಎಂದರೆ ಅದು ಅವಮಾನವಲ್ಲ. ಅವರಿಗೆ ಬೇಕಾದಷ್ಟು ಕೇಳಿ ಆಗಿರಬಹುದು. "ಇದನ್ನೇ ನಗುತ್ತಾ ಹಾಡಿ", "ನೆಲದಲ್ಲಿ ಕುಳಿತು ಹಾಡಿ" ಎಂದರೆ ಅದು ತಪ್ಪು ತಿದ್ದುವುದೂ ಅಲ್ಲ. ನಿರ್ದೇಶಕರ ಮಾತನ್ನು ಹಿಡಿದು ಹಾಡನ್ನು ಬದಲಿಸಬಲ್ಲರೇ ಎಂಬ ಪರೀಕ್ಷೆ. ಒಂದೇ ರೀತಿ ಬಾಯಿಪಾಠ ಮಾಡಿದವರು ಸೋಲುವುದು ಇಲ್ಲಿಯೇ. ಅಭ್ಯಾಸ ಮಾಡುವಾಗಲೇ ಹಾಡನ್ನು ಮೂರು ನಾಲ್ಕು ಬಗೆಯಲ್ಲಿ ಹೇಳಿ ನೋಡಬೇಕು. ಮೊದಲು ಬರೇ ಮಾತಾಗಿ, ಬಳಿಕ ಗುಟ್ಟಾಗಿ, ಬಳಿಕ ಜಗಳವಾಗಿ.

ಆಯ್ಕೆಯಾಗದೆ ಬಂದರೂ ಅದು ಕಂಠದ ಮೇಲಿನ ತೀರ್ಪಲ್ಲ. ಪಾತ್ರದ ವಯಸ್ಸು, ಎತ್ತರ, ಜೊತೆ ಪಾತ್ರದ ಸ್ವರ ಹೀಗೆ ನೂರು ಕಾರಣಗಳಿರುತ್ತವೆ. ಸಿದ್ಧಮಾಡಿದ ಹಾಡು ಎಲ್ಲಿಗೂ ಹೋಗುವುದಿಲ್ಲ. ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವಾಗಲಿ, ತ್ರಿಶೂರಿನಲ್ಲಿ 1977ರಲ್ಲಿ ಆರಂಭವಾದ ಸ್ಕೂಲ್ ಆಫ್ ಡ್ರಾಮಾ ಆಗಲಿ ರಾಕ್ ಸಂಗೀತಕ್ಕಷ್ಟೇ ಇರುವ ಶಾಲೆಗಳಲ್ಲ. ಆದರೆ ರಂಗದ ಮೇಲೆ ಅರ್ಥವರಿತು ಹಾಡಬಲ್ಲ ಸ್ವರ ಎಲ್ಲಿಯೂ ಬೇಕಾದದ್ದೇ.

ಇನ್ನು ಉದಾಹರಣೆಯ ಆ ಹುಡುಗಿಯ ವಿಷಯ. ಹೊರಡುವ ಮೊದಲು ಆಕೆ ಮಾಡಬೇಕಾದ ಕೆಲಸ ಒಂದಿದೆ. ಅಜ್ಜಿಯ ಎದುರು ಕುಳಿತು ಆ ಹಾಡನ್ನು ಮತ್ತೊಮ್ಮೆ ಪೂರ್ತಿ ಕೇಳಿ, ಯಾವ ಮಾತಿಗೆ ಅಜ್ಜಿಯ ಸ್ವರ ಗಡುಸಾಗುತ್ತದೆ ಎಂದು ಗುರುತು ಮಾಡಿಕೊಳ್ಳುವುದು. ಬೆಂಗಳೂರಿನಲ್ಲಿ ಆಕೆಗೆ ಸಿಗುವ ಅರ್ಧ ನಿಮಿಷ ಅಲ್ಲಿಂದಲೇ ಶುರುವಾಗಬೇಕು.